ಬೆಕ್ಕಿನ ಹೊಟ್ಟೆ ಕೆಟ್ಟರೆ ‘ಏನೋ ತಿಂದಿರಬೇಕು’ ಎಂದು ಸುಮ್ಮನಾಗಬೇಡಿ

ಮಾನ್ಯ ಸಂಪಾದಕರೇ,

ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಊರಿನಲ್ಲಿ ಮನೆಯ ಹಿಂದೆಯೇ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಫಿಲೇಚರ್ ಇಟ್ಟುಕೊಂಡವರು ಹಲವರಿದ್ದಾರೆ. ನಮ್ಮದೂ ಅಂಥದೊಂದು ಮನೆ. ಗೂಡು ಇದ್ದಲ್ಲಿಗೆ ಇಲಿ ಬರುತ್ತದೆ, ಇಲಿ ಕಚ್ಚಿ ತೂತು ಮಾಡಿದ ಗೂಡಿನಿಂದ ಎಳೆ ಬಿಚ್ಚಲು ಬರುವುದಿಲ್ಲ, ಆದ್ದರಿಂದ ತಲೆಮಾರುಗಳಿಂದ ನಮ್ಮ ಮನೆಗಳಲ್ಲಿ ಬೆಕ್ಕು ಇದ್ದೇ ಇದೆ. ಹಸು ಮೇವು ಬಿಟ್ಟರೆ ಅರ್ಧ ಗಂಟೆಯಲ್ಲಿ ಡಾಕ್ಟರಿಗೆ ಫೋನು ಹೋಗುತ್ತದೆ. ಬೆಕ್ಕು ವಾರಗಟ್ಟಲೆ ವಾಂತಿ ಮಾಡಿದರೂ, ಭೇದಿ ಮಾಡಿದರೂ, ‘ಏನೋ ತಿಂದಿರಬೇಕು, ಹುಲ್ಲು ತಿಂದು ತಾನೇ ಸರಿಮಾಡಿಕೊಳ್ಳುತ್ತದೆ’ ಎಂಬ ಒಂದೇ ಮಾತಿನಲ್ಲಿ ವಿಷಯ ಮುಗಿದುಹೋಗುತ್ತದೆ. ಈ ಮಾತನ್ನು ನಂಬಿ ನಾನು ಒಂದು ಬೆಕ್ಕನ್ನು ಕಳೆದುಕೊಂಡೆ. ನಂಬದೆ ಹುಡುಕಿದ್ದರಿಂದ ಇನ್ನೊಂದನ್ನು ಉಳಿಸಿಕೊಂಡೆ. ಆ ಎರಡನ್ನೂ ನಿಮ್ಮ ಪತ್ರಿಕೆಯ ಮೂಲಕ ಬೆಕ್ಕು ಸಾಕಿದವರ ಮುಂದೆಯೂ ಪಶುಪಾಲನಾ ಇಲಾಖೆಯವರ ಮುಂದೆಯೂ ಇಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಮೊದಲನೆಯದು ಕೆಂದು ಬಣ್ಣದ ಗಂಡುಬೆಕ್ಕು. ಮೂರು ದಿನ ಬಿಡದೆ ವಾಂತಿ ಮಾಡಿತು, ನೀರು ಕುಡಿದರೂ ಕಕ್ಕಿತು, ನಾಲ್ಕನೆಯ ದಿನ ಬೆಳಗ್ಗೆ ಗೂಡಿನ ಚೀಲಗಳ ಪಕ್ಕದಲ್ಲಿ ಸತ್ತುಬಿದ್ದಿತ್ತು. ಮೈ ನೆಕ್ಕಿ ನೆಕ್ಕಿ ಹೊಟ್ಟೆಯಲ್ಲಿ ಕೂದಲು ಗಂಟಾಗಿದೆ ಎಂದು ಎಲ್ಲರೂ ಹೇಳಿದ್ದರು. ಹೂಳುವುದಕ್ಕೆಂದು ಎತ್ತಿಕೊಂಡಾಗ ಅದರ ಬಾಯಿ ಅರೆ ತೆರೆದಿತ್ತು. ನಾಲಿಗೆಯ ಅಡಿಯಲ್ಲಿ, ಬುಡದ ಹತ್ತಿರ, ಕೂದಲೆಳೆಯಷ್ಟು ತೆಳುವಾದ ಹಳದಿ ನೂಲೊಂದು ಮಾಂಸವನ್ನು ಕೊಯ್ದುಕೊಂಡು ಗಂಟಲೊಳಗೆ ಇಳಿದಿತ್ತು. ನಮ್ಮ ಮನೆಯಲ್ಲಿ ನಾವೇ ಬಿಚ್ಚಿದ ರೇಷ್ಮೆ ಅದು.

ಪಶುವೈದ್ಯರೊಬ್ಬರು ಇದನ್ನು ಮುಂದೆ ವಿವರಿಸಿದಾಗಲೇ ನನಗೆ ಅರ್ಥವಾದದ್ದು. ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುವುದರಿಂದ ಬಾಯಿಗೆ ಸಿಕ್ಕ ದಾರವನ್ನು ಉಗಿಯುವುದು ಅದಕ್ಕೆ ಕಷ್ಟ, ಬಹಳ ಸಲ ನುಂಗಿಯೇಬಿಡುತ್ತದೆ. ದಾರದ ಒಂದು ತುದಿ ನಾಲಿಗೆಯ ಬುಡಕ್ಕೋ ಹೊಟ್ಟೆಯ ಬಾಗಿಲಿಗೋ ಸಿಕ್ಕಿಕೊಂಡು, ಉಳಿದದ್ದನ್ನು ಕರುಳು ಮುಂದಕ್ಕೆ ತಳ್ಳುತ್ತಲೇ ಇದ್ದರೆ, ಲಂಗದ ಲಾಡಿ ಎಳೆದಾಗ ಬಟ್ಟೆ ನೆರಿಗೆ ಕಟ್ಟುವ ಹಾಗೆ ಕರುಳೆಲ್ಲ ನೆರಿಗೆಗಟ್ಟಿ ನಿಲ್ಲುತ್ತದೆ, ಕೊನೆಗೆ ಆ ದಾರವೇ ಕರುಳಿನ ಗೋಡೆಯನ್ನು ಕೊಯ್ಯುತ್ತದೆ. ಹೊತ್ತಿಗೆ ಸರಿಯಾಗಿ ಶಸ್ತ್ರಚಿಕಿತ್ಸೆ ಮಾಡಿದರೆ ಬದುಕುವ ಬೆಕ್ಕು ಅದು. ಬಿಡದೆ ವಾಂತಿ ಮಾಡುವ ಬೆಕ್ಕಿನ ಬಾಯಿ ತೆರೆದು ನಾಲಿಗೆಯ ಕೆಳಗೆ ನೋಡುವುದಕ್ಕೆ ಒಂದು ನಿಮಿಷ ಬೇಡ, ಆ ಒಂದು ನಿಮಿಷವನ್ನು ನಾನು ಕೊಡಲಿಲ್ಲ. ನೂಲು ಕಂಡರೆ, ಅದು ಬಾಯಲ್ಲಿರಲಿ ಗುದದ್ವಾರದಲ್ಲಿರಲಿ, ಯಾರೂ ಕೈಯಿಂದ ಎಳೆಯಬಾರದು. ಎಳೆದರೆ ಒಳಗಿನ ಕರುಳು ಹರಿಯಬಹುದು. ಇದು ರೇಷ್ಮೆಯ ಮನೆಗಳಿಗೆ ಮಾತ್ರ ಸೇರಿದ ವಿಷಯ ಎಂದು ಯಾರೂ ತಿಳಿಯಬಾರದು. ಹೂ ಕಟ್ಟುವ ದಾರ, ಹೊಲಿಗೆಯ ನೂಲು, ಗಾಳಿಪಟದ ದಾರ, ಕೋಳಿ ಮಾಂಸ ಕಟ್ಟಿ ತಂದ ದಾರ, ಇವೆಲ್ಲ ಇದೇ ಕೆಲಸವನ್ನು ಮಾಡುತ್ತವೆ, ಮತ್ತು ನಮ್ಮ ಜಿಲ್ಲೆಯಲ್ಲಿ ಸೇವಂತಿಗೆ ಕಟ್ಟದ ಮನೆಗಳು ಕಡಿಮೆ.

ಎರಡನೆಯದು ಚುಕ್ಕಿ. ನಾಲ್ಕು ವರ್ಷದ ಹೆಣ್ಣುಬೆಕ್ಕು. ಕಳೆದ ವರ್ಷ ಯುಗಾದಿ ಕಳೆದ ಮೇಲೆ ಅದಕ್ಕೆ ಎರಡು ಮೂರು ದಿನ ತೆಳ್ಳಗೆ ಭೇದಿಯಾಗುವುದು, ವಾರವಿಡೀ ಸರಿಯಿರುವುದು, ಮತ್ತೆ ಬೆಳಗಿನ ಹೊತ್ತು ವಾಂತಿ ಮಾಡುವುದು ಶುರುವಾಯಿತು. ನಾಲಿಗೆಯ ಕೆಳಗೆ ಅಂದೇ ನೋಡಿದೆ, ಏನೂ ಇರಲಿಲ್ಲ. ಊಟ ಬಿಟ್ಟಿರಲಿಲ್ಲ, ಆಟ ಬಿಟ್ಟಿರಲಿಲ್ಲ. ಅದೇ ನಮ್ಮನ್ನು ಮೋಸ ಮಾಡಿದ್ದು. ನಮ್ಮ ಅತ್ತೆಯವರು ದೃಷ್ಟಿ ಎಂದರು, ಪಕ್ಕದ ಮನೆಯವರು ಹಲ್ಲಿ ತಿಂದಿದೆ ಎಂದರು, ನಾನು ಬೇಸಿಗೆಯ ಉಷ್ಣ ಎಂದುಕೊಂಡೆ. ಹೊಟ್ಟೆಗೆ ತಂಪಾಗಲಿ ಎಂದು ಹಾಲು ಅನ್ನ ಕಲಸಿ ಕೊಟ್ಟೆವು, ಭೇದಿ ಇನ್ನೂ ಹೆಚ್ಚಾಯಿತು. ತಾಯಿಯ ಹಾಲು ಬಿಟ್ಟ ಮೇಲೆ ಬೆಕ್ಕಿನ ಹೊಟ್ಟೆಯಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಕಡಿಮೆಯಾಗುತ್ತಾ ಹೋಗುತ್ತದೆ, ಬೆಳೆದ ಎಷ್ಟೋ ಬೆಕ್ಕುಗಳಿಗೆ ಹಾಲೇ ಭೇದಿಗೆ ಕಾರಣ ಎಂಬುದು ಹಾಲು ಕರೆಯುವ ಜಿಲ್ಲೆಯಲ್ಲಿರುವ ನಮಗೇ ಗೊತ್ತಿರಲಿಲ್ಲ. ಬೆಕ್ಕಿಗೂ ಹಾಲಿಗೂ ನಾವು ಕಟ್ಟಿರುವ ನಂಟು ಅಷ್ಟು ಹಳೆಯದು.

ಇಲ್ಲಿ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಮೈ ಬಿಸಿಯಿದೆ ಎಂದು ಒಬ್ಬರು ಪ್ಯಾರಾಸಿಟಮಾಲ್ ಅರ್ಧ ಮಾತ್ರೆ ತಂದು ಕೈಗಿಟ್ಟರು. ಪುಣ್ಯಕ್ಕೆ ಅಂದು ನಾನು ಕೊಡಲಿಲ್ಲ. ಆರೋಗ್ಯವಾಗಿರುವ ಬೆಕ್ಕಿನ ಮೈಯೇ ನಮ್ಮ ಮೈಗಿಂತ ಬಿಸಿ, ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಪ್ಯಾರಾಸಿಟಮಾಲನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲವೆನ್ನುವಷ್ಟು ಕಡಿಮೆ, ಅದು ರಕ್ತವನ್ನೇ ಕೆಡಿಸಿ, ಒಸಡು ಕಂದು ಬಣ್ಣಕ್ಕೆ ತಿರುಗಿ, ಮುಖ ಊದಿ, ಉಸಿರಾಟಕ್ಕೆ ಕಷ್ಟಪಟ್ಟು ಬೆಕ್ಕು ಸಾಯುತ್ತದೆ. ಒಂದೇ ಮಾತ್ರೆ ಸಾಕು. ಮನೆಯಲ್ಲಿ ಮನುಷ್ಯರಿಗೆಂದು ತಂದಿಟ್ಟ ಯಾವ ಔಷಧವನ್ನೂ ವೈದ್ಯರನ್ನು ಕೇಳದೆ ಬೆಕ್ಕಿನ ಬಾಯಿಗೆ ಹಾಕಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಚುಕ್ಕಿಯನ್ನು ನಾವು ಮೊದಲು ಕರೆದುಕೊಂಡು ಹೋದ ಪಶು ಆಸ್ಪತ್ರೆಯ ಹೆಸರು ಹೇಳುವುದು ಇಲ್ಲಿ ಮುಖ್ಯವಲ್ಲ. ಅಲ್ಲಿನ ಡಾಕ್ಟರು ಒಳ್ಳೆಯವರೇ. ಹೊರಗೆ ಏಳೆಂಟು ಹಸುಗಳು ಕಾಯುತ್ತಿದ್ದವು. ಕಣ್ಣಂದಾಜಿನಲ್ಲೇ ತೂಕ ಊಹಿಸಿ ಜಂತುಹುಳುವಿನ ಔಷಧ ಕೊಟ್ಟರು, ಒಂದು ಆಂಟಿಬಯಾಟಿಕ್ ಇಂಜೆಕ್ಷನ್ ಹಾಕಿದರು. ನಾಲ್ಕು ದಿನ ಸರಿಯಾಯಿತು, ಐದನೆಯ ದಿನ ಮತ್ತೆ ಭೇದಿ. ಮತ್ತೆ ಹೋದೆವು, ಮತ್ತೊಂದು ಇಂಜೆಕ್ಷನ್. ಹೀಗೆ ಮೂರು ಸಲ ನಡೆಯಿತು. ಆಂಟಿಬಯಾಟಿಕ್ ಕೊಟ್ಟ ಕೂಡಲೇ ಕೆಲವು ದಿನ ಮಲ ಗಟ್ಟಿಯಾಗುವುದರಿಂದ ರೋಗ ಹೋಯಿತೆಂದು ನಮಗೆ ಅನ್ನಿಸುತ್ತದೆ. ಆದರೆ ಮೂಲ ಕಾರಣ ಅಲ್ಲೇ ಉಳಿದಿದ್ದರೆ, ಕರುಳಿನಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳೂ ಸತ್ತು ಮುಂದಿನ ಸಲದ ಭೇದಿ ಇನ್ನಷ್ಟು ಹಟ ಹಿಡಿಯಬಹುದು. ಮೂರನೆಯ ಸಲ ಡಾಕ್ಟರೇ ನನ್ನನ್ನು ಕೆಲವು ಪ್ರಶ್ನೆ ಕೇಳಿದರು. ದಿನಕ್ಕೆ ಎಷ್ಟು ಸಲ ಹೋಗುತ್ತದೆ? ಪ್ರತಿ ಸಲ ಹೆಚ್ಚು ಹೋಗುತ್ತದೋ, ಒಂದು ಚಮಚದಷ್ಟೋ? ಲೋಳೆ ಇದೆಯೇ, ಕೆಂಪು ರಕ್ತವಿದೆಯೇ, ಕಪ್ಪಗಿದೆಯೇ? ತಿಂದು ಎಷ್ಟು ಹೊತ್ತಿಗೆ ವಾಂತಿ? ಹೊಟ್ಟೆ ಹಿಂಡಿಕೊಂಡು ಕಕ್ಕುತ್ತದೋ, ತಿಂದದ್ದು ತಿಂದ ಹಾಗೆಯೇ ಬಾಯಿಂದ ಜಾರಿ ಬೀಳುತ್ತದೋ? ಒಂದಕ್ಕೂ ನನ್ನಲ್ಲಿ ಖಚಿತವಾದ ಉತ್ತರ ಇರಲಿಲ್ಲ. ಪದೇಪದೇ ಸ್ವಲ್ಪ ಸ್ವಲ್ಪ, ಲೋಳೆಯ ಜೊತೆಗೆ, ತಿಣುಕುತ್ತಾ ಹೋದರೆ ತೊಂದರೆ ದೊಡ್ಡ ಕರುಳಿನಲ್ಲಿರುವ ಸಂಭವ ಹೆಚ್ಚು. ಸಲ ಕಡಿಮೆಯಿದ್ದು ಪ್ರಮಾಣ ಹೆಚ್ಚಿದ್ದರೆ, ಜೊತೆಗೆ ವಾಂತಿಯೂ ತೂಕ ಇಳಿಯುವುದೂ ಇದ್ದರೆ ಸಣ್ಣ ಕರುಳಿನದು. ವೈದ್ಯರ ದಾರಿ ಇಲ್ಲಿಂದಲೇ ಎರಡಾಗಿ ಕವಲೊಡೆಯುತ್ತದೆ, ಆ ಕವಲಿನಲ್ಲಿ ದಿಕ್ಕು ತೋರಿಸಬೇಕಾದವರು ಮನೆಯವರು.

ಅಂದು ಸಂಜೆಯಿಂದ ಗೂಡಿನ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಚುಕ್ಕಿಯ ಲೆಕ್ಕ ಬರೆಯತೊಡಗಿದೆ. ನೂಲು ಗ್ರಾಂ ಲೆಕ್ಕದಲ್ಲಿ ಮಾರುವ ಮನೆಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಇದ್ದೇ ಇರುತ್ತದೆ. ಅದರ ಮೇಲೆ ಬಿದಿರಿನ ಪುಟ್ಟಿ ಇಟ್ಟು, ಸೊನ್ನೆಗೆ ತಂದು, ಚುಕ್ಕಿಯನ್ನು ಅದರೊಳಗೆ ಕೂರಿಸಿದರೆ ಅಂಕಿ ನಿಲ್ಲುವುದಕ್ಕೆ ಸ್ವಲ್ಪ ಹೊತ್ತು ಬೇಕು, ಏಕೆಂದರೆ ಅದು ಪುಟ್ಟಿಯ ಅಂಚನ್ನು ಮೂಸಿ ಮೂಸಿ ನೋಡುತ್ತದೆ, ಆಮೇಲೆ ಬಾಲವನ್ನು ಮುಂಗಾಲಿಗೆ ಸುತ್ತಿಕೊಂಡು ಕೂರುತ್ತದೆ. ಆಗ ನಿಂತ ಅಂಕಿ 3 ಕಿಲೋ 400 ಗ್ರಾಂ. ಐದು ವಾರ ಬಿಟ್ಟು ಅದೇ ಪುಟ್ಟಿ, ಅದೇ ಹೊತ್ತು, 2 ಕಿಲೋ 950 ಗ್ರಾಂ. ತಕ್ಕಡಿ ಕೆಟ್ಟಿರಬೇಕೆಂದು ಒಂದು ಕಿಲೋ ಬಟ್ಟು ಇಟ್ಟು ನೋಡಿದೆ. ತಕ್ಕಡಿ ಸರಿಯಾಗಿಯೇ ಇತ್ತು. ದಿನವೂ ಮಡಿಲಲ್ಲಿ ಮಲಗುತ್ತಿದ್ದ ಪ್ರಾಣಿ, ದಟ್ಟ ಕೂದಲಿನಿಂದಾಗಿ ನನ್ನ ಕೈಗೆ ಒಂದಿಷ್ಟೂ ಬಡವಾದಂತೆ ಅನ್ನಿಸಿರಲಿಲ್ಲ. 450 ಗ್ರಾಂ ಎಂದರೆ ಕೇಳುವುದಕ್ಕೆ ಏನೂ ಅಲ್ಲ; ಆದರೆ ಐವತ್ತು ಕಿಲೋ ತೂಗುವ ಹೆಂಗಸು ಐದು ವಾರದಲ್ಲಿ ಆರು ಕಿಲೋಗಿಂತ ಹೆಚ್ಚು ಇಳಿದರೆ ಮನೆಯವರು ಸುಮ್ಮನೆ ಕೂರುತ್ತಾರೆಯೇ? ಊಟ ಚೆನ್ನಾಗಿ ಮಾಡುತ್ತಿದ್ದೂ ತೂಕ ಇಳಿಯುವುದು, ತಿಂದದ್ದು ಮೈಗೆ ಹತ್ತುತ್ತಿಲ್ಲ ಎಂಬುದರ ಗುರುತು. ಆ ಅಂಕಿ ನೋಡಿದ ಮೇಲೆಯೇ ನಮ್ಮ ಯಜಮಾನರು ಬೆಂಗಳೂರಿಗೆ ಹೊರಡಲು ಒಪ್ಪಿದ್ದು.

ಬೆಂಗಳೂರಿನ ಪಶುವೈದ್ಯರು ಮೊದಲು ಕೇಳಿದ್ದು ಮಲದ ಮಾದರಿಯನ್ನು, ಅದೂ ಮೂರು ಬೇರೆ ಬೇರೆ ದಿನಗಳದ್ದು. ಜಿಯಾರ್ಡಿಯಾದಂಥ ಪರೋಪಜೀವಿಗಳು ಪ್ರತಿದಿನವೂ ಮಲದಲ್ಲಿ ಹೊರಬರುವುದಿಲ್ಲ, ಒಂದು ದಿನ ಕಾಣದಿದ್ದರೆ ಇಲ್ಲವೇ ಇಲ್ಲ ಎಂದು ತೀರ್ಮಾನಿಸಲಾಗದು ಎಂದರು. ಹುಳುವಿನ ಔಷಧವನ್ನು ಆಗಲೇ ಕೊಟ್ಟಾಗಿದೆ ಎಂದು ನಾನು ಹೇಳಿದಾಗ ಅವರು ಇನ್ನೊಂದು ವಿಷಯ ತಿಳಿಸಿದರು: ದುಂಡುಹುಳು, ಕೊಕ್ಕೆಹುಳುಗಳಿಗೆ ಕೆಲಸ ಮಾಡುವ ಎಲ್ಲ ಔಷಧಗಳೂ ಲಾಡಿಹುಳುವನ್ನು ಕೊಲ್ಲುವುದಿಲ್ಲ. ಬೆಕ್ಕಿನ ಬಾಲದ ಕೆಳಗೆ ಅಕ್ಕಿಕಾಳಿನಂಥ ತುಂಡುಗಳು ಅಂಟಿಕೊಂಡಿದ್ದರೆ ಅದು ಲಾಡಿಹುಳು. ಅದು ಬಹಳ ಸಲ ಚಿಗಟದ ಮೂಲಕ ಬರುವುದರಿಂದ ಮೈಮೇಲಿನ ಚಿಗಟ ಹೋಗದೆ ಹೊಟ್ಟೆಯ ಹುಳು ಹೋಗುವುದಿಲ್ಲ. ಚುಕ್ಕಿಯ ಮೂರು ಮಾದರಿಗಳಲ್ಲೂ ಏನೂ ಸಿಗಲಿಲ್ಲ. ರಕ್ತದಲ್ಲಿ ಕಿಡ್ನಿ, ಲಿವರ್, ಸಕ್ಕರೆ ಸರಿಯಿದ್ದವು, ಬಿ12 ಜೀವಸತ್ವ ಮಾತ್ರ ಕಡಿಮೆ ಇತ್ತು. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಹೀರಿಕೊಳ್ಳಬೇಕಾದ ಜೀವಸತ್ವ ಅದು, ಕರುಳು ಬಹಳ ದಿನ ಬೇನೆಬಿದ್ದರೆ ಮೊದಲು ಕೊರತೆಯಾಗುವವುಗಳಲ್ಲಿ ಒಂದು. ಅದಕ್ಕೆ ವಾರಕ್ಕೊಂದರಂತೆ ಇಂಜೆಕ್ಷನ್ ಬರೆದುಕೊಟ್ಟರು. ಸ್ಕ್ಯಾನಿಂಗಿನಲ್ಲಿ ಕರುಳಿನ ಗೋಡೆ ತುಸು ದಪ್ಪಗಾಗಿತ್ತು, ಗಡ್ಡೆ ಕಾಣಲಿಲ್ಲ. ವಯಸ್ಸಾದ ಬೆಕ್ಕಾಗಿದ್ದರೆ ಥೈರಾಯ್ಡನ್ನೂ ನೋಡಬೇಕಿತ್ತು, ಕರುಳಿನ ಕ್ಯಾನ್ಸರ್ ಇದೆಯೇ ಎಂದು ತಿಳಿಯಲು ಕರುಳಿನ ಚೂರು ತೆಗೆದು ಪರೀಕ್ಷಿಸುವ ಮಾತೂ ಬೇಗನೆ ಬರುತ್ತಿತ್ತು ಎಂದರು. ನಾಲ್ಕು ವರ್ಷದ ಬೆಕ್ಕಿಗೆ ಅದಕ್ಕಿಂತ ಮುಂಚೆ ಮಾಡಬೇಕಾದ ಪರೀಕ್ಷೆ ಒಂದಿದೆ, ಅದು ನಿಮ್ಮ ಅಡುಗೆಮನೆಯಲ್ಲಿ ನಡೆಯಬೇಕಾದದ್ದು ಎಂದು ನನ್ನ ಕಡೆ ನೋಡಿದರು.

ಅದು ಆಹಾರದ ಪರೀಕ್ಷೆ. ಬೆಕ್ಕು ಹುಟ್ಟಿದಾಗಿನಿಂದ ತಿನ್ನದ ಒಂದು ಮಾಂಸವನ್ನು ಆರಿಸಿಕೊಂಡು, ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಸೋಕದಂತೆ ಬೇಯಿಸಿ, ಎರಡರಿಂದ ನಾಲ್ಕು ವಾರ ಅದನ್ನು ಬಿಟ್ಟು ಬೇರೆ ಒಂದು ಅಗುಳೂ ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ, ಹಾಗಾಗಿ ಅವು ಯಾವತ್ತೂ ಬೇಡ. ಹೊಟ್ಟೆಯ ತೊಂದರೆ ಆಹಾರದಿಂದಲೇ ಬಂದಿದ್ದರೆ ಸಾಮಾನ್ಯವಾಗಿ ಎರಡು ವಾರದೊಳಗೆ ವ್ಯತ್ಯಾಸ ಕಾಣುತ್ತದೆ. ಮೊದಲಿನಿಂದ ತಿನ್ನುತ್ತಿದ್ದುದು ಈಗೇಕೆ ಆಗದು ಎಂದು ಎಲ್ಲರೂ ಕೇಳುವಂತೆ ನಾನೂ ಕೇಳಿದೆ. ಒಗ್ಗದಿರುವುದು ಬಹಳ ಸಲ ವರ್ಷಗಟ್ಟಲೆ ತಿಂದ ಪದಾರ್ಥವೇ, ಹೊಸದಲ್ಲ ಎಂದು ಉತ್ತರ ಬಂತು. ಕೋಳಿ, ಮೀನು, ಪ್ಯಾಕೆಟ್ಟಿನ ಕಾಳು ಎಲ್ಲವನ್ನೂ ಚುಕ್ಕಿ ತಿಂದಿತ್ತು, ಕುರಿ ಮಾಂಸ ಮಾತ್ರ ತಿಂದಿರಲಿಲ್ಲ, ಅದರ ಬೆಲೆಯಿಂದಾಗಿ. ಹಬ್ಬಕ್ಕೆ ತರುವ ಮಟನ್ನಿನಲ್ಲಿ ಬೆಕ್ಕಿಗೆಂದು ಬೇರೆ ಪಾತ್ರೆಯಲ್ಲಿ ಬೇಯಿಸುವುದನ್ನು ಅತ್ತೆಯವರು ಮೊದಲ ದಿನ ಮಾತಿಲ್ಲದೆ ನೋಡಿದರು, ಮೂರನೆಯ ದಿನದಿಂದ ಅವರೇ ಮೂಳೆ ಬಿಡಿಸಿ ಕೊಡತೊಡಗಿದರು.

ಹದಿನೈದು ದಿನ ಕಳೆದರೂ ಭೇದಿ ನಿಲ್ಲಲಿಲ್ಲ. ಪುಸ್ತಕ ತೆರೆದು ನೋಡಿದರೆ ನನ್ನ ಲೆಕ್ಕ ಚೊಕ್ಕವಾಗಿತ್ತು: ಬೆಳಗ್ಗೆ ಮಟನ್, ಮಧ್ಯಾಹ್ನ ಮಟನ್, ರಾತ್ರಿ ಮಟನ್. ಪರೀಕ್ಷೆ ಸೋತಿತು, ಆಹಾರ ಕಾರಣವಲ್ಲ ಎಂದು ಬರೆದು ಗೆರೆ ಎಳೆಯುವುದರಲ್ಲಿದ್ದೆ. ಅಂದು ಮಧ್ಯಾಹ್ನ ನೂಲು ಬಿಚ್ಚುವ ಬೇಸಿನ್ನುಗಳ ಕೆಲಸ ಮುಗಿದ ಮೇಲೆ ಫಿಲೇಚರಿನ ಹಿಂಬಾಗಿಲಲ್ಲಿ ನಿಂತಿದ್ದವಳಿಗೆ ಚುಕ್ಕಿ ಕಂಡಿತು. ಎಳೆ ಬಿಚ್ಚಿ ಮುಗಿದ ಗೂಡುಗಳ ಒಳಗಿನ ಬೆಂದ ಹುಳು, ನಾವು ಪ್ಯೂಪಾ ಎನ್ನುವುದು, ಮಾರುವವರೆಗೂ ಹಿಂದಿನ ಅಂಗಳದಲ್ಲಿ ರಾಶಿ ಬಿದ್ದಿರುತ್ತದೆ. ಅದರ ವಾಸನೆ ಗೊತ್ತಿಲ್ಲದವರು ನಮ್ಮ ಊರಲ್ಲಿ ಇಲ್ಲ. ಚುಕ್ಕಿ ಆ ರಾಶಿಯ ಅಂಚಿನಲ್ಲಿ ಕುಳಿತು, ತಲೆ ಓರೆ ಮಾಡಿಕೊಂಡು, ಒಂದೊಂದೇ ಪ್ಯೂಪಾವನ್ನು ದವಡೆ ಹಲ್ಲಿನಲ್ಲಿ ಕಚ್ಚಿ ನಿಧಾನವಾಗಿ ತಿನ್ನುತ್ತಿತ್ತು. ನೋಡಿದರೆ ಅದು ಹೊಸ ಅಭ್ಯಾಸವಾಗಿರಲಿಲ್ಲ. ಕೆಲಸದ ಹೆಂಗಸರನ್ನು ಕೇಳಿದಾಗ, ‘ದಿನಾ ಬರ್ತೈತಲ್ಲಮ್ಮ’ ಎಂದರು. ನಾನು ಇಷ್ಟು ದಿನ ಬರೆದಿಟ್ಟದ್ದು ನಾವು ಬಡಿಸಿದ್ದನ್ನು. ಅದು ತಿಂದದ್ದನ್ನು ಒಂದು ದಿನವೂ ಬರೆದಿರಲಿಲ್ಲ.

ಮತ್ತೆ ಮೊದಲಿಂದ ಶುರು ಮಾಡಿದೆವು. ಈ ಸಲ ಚುಕ್ಕಿಯನ್ನು ಮೇಲಿನ ಕೋಣೆಯಲ್ಲಿ ಮರಳಿನ ಟ್ರೇ, ನೀರು ಇಟ್ಟು ಕೂಡಿಹಾಕಿದೆವು; ರಾತ್ರಿಯೆಲ್ಲ ಬಾಗಿಲು ಕೆರೆದು ಅತ್ತದ್ದನ್ನು ಕೇಳಿಸಿಕೊಳ್ಳುವುದು ಸುಲಭವಿರಲಿಲ್ಲ. ಆರನೆಯ ದಿನ ಮಲ ಗಟ್ಟಿಯಾಯಿತು. ಹತ್ತನೆಯ ದಿನದ ನಂತರ ವಾಂತಿ ಇಲ್ಲ. ನಾಲ್ಕು ವಾರ ತುಂಬಿದ ಮೇಲೆ ವೈದ್ಯರ ಸಲಹೆಯಂತೆ ಹಳೆಯ ಆಹಾರಗಳನ್ನು ಒಂದೊಂದಾಗಿ, ನಡುವೆ ಅಂತರ ಬಿಟ್ಟು ಕೊಟ್ಟು ನೋಡಿದೆವು. ಕೋಳಿ ಒಗ್ಗಿತು. ಮೀನೂ ಒಗ್ಗಿತು. ತಾಜಾ ಪ್ಯೂಪಾ ನಾಲ್ಕೇ ನಾಲ್ಕು ಕೊಟ್ಟ ಮೂರನೆಯ ದಿನ ಭೇದಿ ಮರಳಿ ಬಂತು. ಈ ಕೊನೆಯ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಬೆಕ್ಕು ಚೇತರಿಸಿಕೊಂಡಿತಲ್ಲ, ಮತ್ತೆ ಯಾಕೆ ಕೆದಕುವುದು ಎಂದು. ಆದರೆ ಮರಳಿ ಕೊಟ್ಟು ನೋಡದೆ ಯಾವ ಪದಾರ್ಥ ಎಂಬುದು ಗೊತ್ತಾಗುವುದಿಲ್ಲ, ಬಡ ಮನೆಯೊಂದು ಜೀವಮಾನವಿಡೀ ಬೆಕ್ಕಿಗೆ ಮಟನ್ ತರುತ್ತಾ ಕೂರಲೂ ಆಗುವುದಿಲ್ಲ. ಇನ್ನೊಂದು ಎಚ್ಚರಿಕೆ: ಬರೀ ಬೇಯಿಸಿದ ಮಾಂಸವನ್ನೇ ತಿಂಗಳುಗಟ್ಟಲೆ ಕೊಡಬಾರದು. ಟಾರೀನ್ ಎಂಬ ಅಂಶವನ್ನು ಬೆಕ್ಕಿನ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು, ಬೇಯಿಸಿ ನೀರು ಚೆಲ್ಲಿದರೆ ಮಾಂಸದಲ್ಲಿರುವುದೂ ಹೋಗುತ್ತದೆ. ಅದರ ಕೊರತೆಯಿಂದ ಬೆಕ್ಕಿನ ಕಣ್ಣು ಹಾಳಾಗುತ್ತದೆ ಎಂಬುದು ಮೊದಲೇ ತಿಳಿದಿತ್ತು, ಹೃದಯದ ಸ್ನಾಯುವೂ ಸೋಲುತ್ತದೆ ಎಂಬುದನ್ನು ಅಮೆರಿಕದ ಸಂಶೋಧಕರು 1987ರಲ್ಲಿ ತೋರಿಸಿಕೊಟ್ಟರು. ಹಾಲನ್ನ, ಮೊಸರನ್ನದಲ್ಲೇ ಬೆಕ್ಕು ಬೆಳೆಯುತ್ತದೆ ಎಂದುಕೊಂಡಿರುವ ಮನೆಗಳು ಇದನ್ನು ಗಮನಿಸಬೇಕು. ಬೆಕ್ಕು ಮಾಂಸವಿಲ್ಲದೆ ಆರೋಗ್ಯವಾಗಿರಲಾರದ ಪ್ರಾಣಿ.

ನಮಗೆ ಹೀಗೆ ತಿಂಗಳುಗಟ್ಟಲೆ ಹುಡುಕುವಷ್ಟು ಕಾಲ ಸಿಕ್ಕಿತು. ಎಲ್ಲ ಬೆಕ್ಕುಗಳಿಗೂ ಸಿಗುವುದಿಲ್ಲ. ಲಸಿಕೆ ಹಾಕಿಸದ ಮರಿ ಒಮ್ಮೆಲೇ ಮಂಕಾಗಿ, ವಾಂತಿ ಭೇದಿ ಎರಡೂ ಶುರುವಾದರೆ ಅದು ಪ್ಯಾನ್‌ಲ್ಯುಕೋಪೀನಿಯಾ ಎಂಬ ವೈರಸ್ ರೋಗವಾಗಿರಬಹುದು, ಅಲ್ಲಿ ಲೆಕ್ಕ ಗಂಟೆಗಳದ್ದು. ಬೆಕ್ಕು ಎರಡು ಮೂರು ದಿನ ಏನನ್ನೂ ತಿನ್ನದಿದ್ದರೆ, ಅದರಲ್ಲೂ ದಪ್ಪಗಿರುವ ಬೆಕ್ಕು, ಮೈಯ ಕೊಬ್ಬು ಲಿವರಿಗೆ ನುಗ್ಗಿ ಲಿವರೇ ಸೋಲಬಹುದು. ಉಪವಾಸ ಹಾಕಿದರೆ ಹೊಟ್ಟೆ ಸರಿಹೋಗುತ್ತದೆ ಎಂಬ ಮಾತು ಬೆಕ್ಕಿಗೆ ಸಲ್ಲದು. ಗಂಡುಬೆಕ್ಕು ಪದೇಪದೇ ಟ್ರೇಗೆ ಹೋಗಿ ತಿಣುಕಿ ಅಳುತ್ತಿದ್ದರೆ ಮಲಬದ್ಧತೆ ಎಂದುಕೊಂಡು ಎಣ್ಣೆ ಕುಡಿಸುವವರಿದ್ದಾರೆ. ಬಹಳ ಸಲ ಅದು ಮೂತ್ರ ಕಟ್ಟಿರುವುದು, ಒಂದೆರಡು ದಿನದಲ್ಲಿ ಪ್ರಾಣ ಹೋಗುವಂಥದು, ಟ್ರೇಯ ಮರಳು ಒದ್ದೆಯಾಗಿದೆಯೇ ಎಂದು ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. ಇಲಿ ಪಾಷಾಣ ಇಟ್ಟ ಕಡೆ ಬೆಕ್ಕು ವಾಂತಿ ಮಾಡಿದರೆ ಪಾಷಾಣದ ಪ್ಯಾಕೆಟ್ಟನ್ನೂ ಜೊತೆಗೆ ತೆಗೆದುಕೊಂಡು ಹೋಗಬೇಕು, ಚಿಕಿತ್ಸೆ ಆ ಹೆಸರಿನ ಮೇಲೆ ನಿಂತಿರುತ್ತದೆ. ರೇಷ್ಮೆಹುಳು ಸಾಕುವ ಮನೆಯಲ್ಲಿ ಬ್ಲೀಚಿಂಗ್ ಪುಡಿ, ಸುಣ್ಣ ಎರಚಿದ ದಿನ ಬೆಕ್ಕನ್ನು ಒಳಗೆ ಬಿಡಬಾರದು. ಅಂಗಾಲಿಗೆ ಅಂಟಿದ್ದನ್ನು ಅದು ನೆಕ್ಕದೆ ಬಿಡುವುದಿಲ್ಲ. ಮಲದ ಮಾದರಿ ತೆಗೆಯುವವರು, ಟ್ರೇ ತೊಳೆಯುವವರು ದಿನವೂ ಅದನ್ನು ಶುಚಿ ಮಾಡಿ ಸೋಪು ಹಾಕಿ ಕೈ ತೊಳೆದುಕೊಳ್ಳಬೇಕು. ಟಾಕ್ಸೋಪ್ಲಾಸ್ಮಾ ಎಂಬ ಪರೋಪಜೀವಿ ಬೆಕ್ಕಿನ ಮಲದಲ್ಲಿ ಬಂದರೂ ಅಂಟುವಂತಾಗಲು ಕನಿಷ್ಠ ಒಂದು ದಿನ ಬೇಕಾಗುವುದರಿಂದ ದಿನದಿನದ ಶುಚಿಯೇ ದೊಡ್ಡ ರಕ್ಷಣೆ. ಗರ್ಭಿಣಿಯರು ಮಾತ್ರ ಆ ಕೆಲಸವನ್ನು ಬೇರೆಯವರಿಗೆ ಬಿಡಬೇಕು.

ಇನ್ನು ಇಲಾಖೆಗೆ ನನ್ನ ವಿನಂತಿ. ಹಾಲು, ರೇಷ್ಮೆಯ ನಾಡು ಇದು. ಹಸುವಿಗೆ ಮೊದಲ ಸ್ಥಾನ ಸಿಗುವುದು ನ್ಯಾಯವೇ, ನಮ್ಮ ಕೊಟ್ಟಿಗೆಯಲ್ಲೂ ಎರಡು ಹಸುಗಳಿವೆ. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಮನೆ ಬಾಗಿಲಿಗೆ ಬರುವ ವ್ಯವಸ್ಥೆ ಆಗಿರುವುದು ದೊಡ್ಡ ಉಪಕಾರ. ಆದರೆ 2024ರ ಅಕ್ಟೋಬರಿನಲ್ಲಿ ಆರಂಭವಾದ 21ನೇ ಜಾನುವಾರು ಗಣತಿಯಲ್ಲಿ ನಾಯಿ, ಮೊಲ, ಆನೆಗಳನ್ನು ಕೂಡ ಎಣಿಸುವ ಏರ್ಪಾಡು ಇತ್ತು, ಬೆಕ್ಕಿನ ಹೆಸರೇ ಆ ಪಟ್ಟಿಯಲ್ಲಿ ಇರಲಿಲ್ಲ. ಲೆಕ್ಕಕ್ಕೆ ಸೇರದ ಪ್ರಾಣಿಗೆ ಆಸ್ಪತ್ರೆಯಲ್ಲಿ ಮೇಜು, ತಕ್ಕಡಿ ಎಲ್ಲಿಂದ ಬರಬೇಕು? ಪಶುವೈದ್ಯರಿಗೆ ಬೆಕ್ಕಿನ ರೋಗ ಗೊತ್ತಿಲ್ಲವೆಂದು ನಾನು ಹೇಳುತ್ತಿಲ್ಲ. ಅವರು ಓದಿ ಬಂದಿದ್ದಾರೆ, ಕೈಗೆ ಸಲಕರಣೆ ಮತ್ತು ಪುರುಸೊತ್ತು ಇಲ್ಲ. ತಾಲ್ಲೂಕಿನ ಪ್ರತಿ ಪಶು ಆಸ್ಪತ್ರೆಗೂ ಗ್ರಾಂ ತೋರಿಸುವ ಒಂದು ಸಣ್ಣ ತಕ್ಕಡಿ ಕೊಡಲಿ, ಏಕೆಂದರೆ ಮೂರು ಕಿಲೋ ಪ್ರಾಣಿಗೆ ಕಣ್ಣಂದಾಜಿನಲ್ಲಿ ಅರ್ಧ ಕಿಲೋ ತಪ್ಪಿದರೂ ಔಷಧದ ಪ್ರಮಾಣವೂ ಅಷ್ಟೇ ತಪ್ಪುತ್ತದೆ. ಹಸುವಿನ ಸಗಣಿ ನೋಡುವ ಸೂಕ್ಷ್ಮದರ್ಶಕ ಇರುವ ಕಡೆ ಬೆಕ್ಕಿನ ಮಲವನ್ನೂ ನೋಡಿಕೊಡುವಂತೆ ಸೂಚನೆ ಹೋಗಲಿ. ವಾರದಲ್ಲಿ ಒಂದು ಮಧ್ಯಾಹ್ನವನ್ನು ಬೆಕ್ಕುಗಳಿಗೆಂದೇ ಮೀಸಲಿಟ್ಟರೆ ಅವು ನಾಯಿ, ಹಸುಗಳ ನಡುವೆ ಹೆದರಿ ಚೀಲ ಹರಿದು ಓಡುವುದು ತಪ್ಪುತ್ತದೆ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾದ ಮೇಲೆ ಎಷ್ಟೋ ಕೆಲಸಗಳಿಗೆ ನಾವು ದೂರ ಹೋಗುವುದು ತಪ್ಪಿದೆ. ಸಣ್ಣ ಪ್ರಾಣಿಗಳ ಸ್ಕ್ಯಾನಿಂಗ್ ಕೂಡ ಜಿಲ್ಲಾ ಕೇಂದ್ರದಲ್ಲೇ ಸಿಗುವಂತಾದರೆ, ಬೆಂಗಳೂರಿನ ಬಸ್ಸಿನಲ್ಲಿ ಮುಚ್ಚಿದ ಪುಟ್ಟಿಯೊಳಗೆ ವಾಂತಿ ಮಾಡಿಕೊಳ್ಳುವ ಪ್ರಾಣಿಯನ್ನು ಮಡಿಲಲ್ಲಿಟ್ಟುಕೊಂಡು ಹೋಗುವ ಕಷ್ಟ ಇನ್ನೊಬ್ಬರಿಗೆ ಬರುವುದಿಲ್ಲ.

ಕೊನೆಯದಾಗಿ ನಮ್ಮ ಊರಿನ, ಸುತ್ತಮುತ್ತಲಿನ ಫಿಲೇಚರ್ ಮಾಲೀಕರಲ್ಲಿ ಒಂದು ಕೋರಿಕೆ. ಬಿಚ್ಚಿ ಉಳಿದ ನೂಲಿನ ತ್ಯಾಜ್ಯವನ್ನು ನೆಲದ ಮೇಲೆ ಬಿಡಬೇಡಿ, ಪ್ಯೂಪಾ ರಾಶಿಯನ್ನು ತೆರೆದಿಡಬೇಡಿ. ನಾವು ಎರಡು ಹಳೆಯ ಪ್ಲಾಸ್ಟಿಕ್ ಡ್ರಮ್ಮುಗಳಿಗೆ ಬಿಗಿಯಾದ ಮುಚ್ಚಳ ಮಾಡಿಸಿಕೊಂಡಿದ್ದೇವೆ, ಒಂದಕ್ಕೆ ನೂಲು, ಇನ್ನೊಂದಕ್ಕೆ ಪ್ಯೂಪಾ. ಸಂಜೆ ಕೆಲಸ ಮುಗಿದ ಮೇಲೆ ಬೇಸಿನ್ನುಗಳ ಸುತ್ತ ಬಿದ್ದಿರುವ ಎಳೆಗಳನ್ನು ಹೆಂಗಸರೇ ಗುಡಿಸಿ ತಂದು ಡ್ರಮ್ಮಿಗೆ ಹಾಕುತ್ತಾರೆ. ಚುಕ್ಕಿ ಈಗಲೂ ದಿನಕ್ಕೊಮ್ಮೆ ಆ ಮುಚ್ಚಳದ ಮೇಲೆ ಹೋಗಿ ಕೂರುತ್ತದೆ. ಕಳೆದ ಭಾನುವಾರ ಪುಟ್ಟಿಯಲ್ಲಿ ಕೂರಿಸಿದಾಗ 3 ಕಿಲೋ 380 ಗ್ರಾಂ ಇತ್ತು.

ಇಂತಿ ತಮ್ಮ ವಿಶ್ವಾಸಿ,
ನಿಮ್ಮ ಪತ್ರಿಕೆಯ ಓದುಗಿ,
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ